26 ಕೆಜಿ ಪರ್ಸು

ಹಳೇ ಲೆದರ್ ಪರ್ಸು ಸಿಪ್ಪೆ ಸುಲಿದುಕೊಂಡು ಪ್ಯಾಂಟಿನ ಜೇಬಿನಲ್ಲೆಲ್ಲ ಉದುರತೊಡಗಿದಾಗ, ತೆಪ್ಪಗೆ ಹೊಸದೊಂದು ಕೊಳ್ಳಬಹುದಿತ್ತು. 'ಕಸದಿಂದಲೇ ಮಾಡ್ತೀನಿ ನೋಡ್ತಿರು' ಎಂದುಬಿಟ್ಟೆ. ಬಲ್ಬು ಬದಲಿಸಲು ಬಾರದ ಗಂಡಸರೆಲ್ಲ ಭಾನುವಾರ ತಿಂಡಿಯಾದ ಮೇಲೆ ಇಂಥದ್ದೇ ಏನೋ ಒಂದು ಘೋಷಿಸುತ್ತಾರೆ. ನಿಮ್ಮ ಮನೆಯಲ್ಲೂ ಆಗಿರುತ್ತದೆ ಬಿಡಿ.

ಮೊದಲು ಹಾಲಿನ ಕವರು. ತೊಳೆದು, ಒಂದರ ಮೇಲೊಂದಿಟ್ಟು ಇಸ್ತ್ರಿ ಮಾಡಿದರೆ ಅಂಟಿಕೊಂಡು ಗಟ್ಟಿ ಹಾಳೆಯಾಗುತ್ತವೆ. ಮೇಲೊಂದು ಕಾಗದ ಹಾಸಬೇಕು ಅಷ್ಟೇ. ಆ ಅಷ್ಟೇ ಮರೆತೆ. ಪಾಲಿಥೀನ್ ಸುಮಾರು 110 ಡಿಗ್ರಿಗೆ ಕರಗುತ್ತದೆ. ನಮ್ಮ ಇಸ್ತ್ರಿ ಪೆಟ್ಟಿಗೆ ಕಾಟನ್ನಿಗೆ ತಿರುಗಿಸಿದ್ದು ಹಾಗೇ ಇತ್ತು. ಸೋಮವಾರ ಮಗ ನೀಲಿ ಪಟ್ಟೆಯ ಬಿಳಿ ಯೂನಿಫಾರ್ಮ್ ತೊಟ್ಟು ಸ್ಕೂಲಿಗೆ ಹೋದ.

ಆಮೇಲೆ ಅಕ್ಕಿ ಚೀಲಕ್ಕೆ ಕೈ ಹಾಕಿದೆ. ಈ ಚೀಲದ ಮೇಲೆ ನನಗೆ ಗೌರವವಿದೆ. 2022ರ ಜುಲೈಯಲ್ಲಿ 25 ಕೆಜಿವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ 5 ಪರ್ಸೆಂಟ್ ಜಿಎಸ್‌ಟಿ ಬಿದ್ದಾಗ, ಇದು ಒಂದು ಕೆಜಿ ಮೈ ಬೆಳೆಸಿಕೊಂಡು 26 ಆಗಿ ನುಣುಚಿಕೊಂಡಿತು. ಇಷ್ಟು ಜಾಣ ಚೀಲದೊಳಗಿದ್ದರೆ ನನ್ನ ದುಡ್ಡಿಗೂ ಬುದ್ಧಿ ಬಂದೀತು ಎಂಬ ಆಸೆ. ನಟ್ಟನಡುವೆ ನವಿಲಿನ ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ '26 ಕೆಜಿ'. ಅದನ್ನೇ ಕತ್ತರಿಸಿದೆ.

ಕತ್ತರಿ ತಾಗಿದ್ದೇ ತಡ, ಅಂಚಿನ ಎಳೆಗಳು ಶಾವಿಗೆಯಂತೆ ಬಿಚ್ಚಿಕೊಂಡವು. ಸುಟ್ಟರೆ ಕೂಡಿಕೊಳ್ಳುತ್ತವೆಂದು ದೇವರ ಕೋಣೆಯಲ್ಲಿ ಊದುಬತ್ತಿ ಹಿಡಿದು ಕೂತೆ. ವಾಸನೆಗೆ ಅಮ್ಮ 'ಅಯ್ಯೋ, ಶಾರ್ಟ್ ಸರ್ಕೀಟು!' ಎಂದು ಮೇನ್ ಸ್ವಿಚ್ಚೇ ಆರಿಸಿದರು. ಹೊಲಿಗೆ ಮಿಷನ್ನಿಗೆ ಆಗಲೇ ಬೀಗ ಬಿದ್ದಿತ್ತು. ಫ್ಯಾನಿಲ್ಲದ ಸೆಕೆಯಲ್ಲಿ ದಬ್ಬಳ ಹಿಡಿದು, ಪರ್ಸಿನಷ್ಟೇ ಬೆರಳನ್ನೂ ಹೊಲಿದುಕೊಂಡೆ.

ಅಳತೆಗೆ ನೋಟು ಬೇಕಲ್ಲ? ಸೊಪ್ಪಿಗೂ ಫೋನಲ್ಲೇ ದುಡ್ಡು ಕೊಡುವ ಮನೆ ನಮ್ಮದು. ಸಿಕ್ಕಿದ್ದು ಅಮ್ಮನ ಎಲೆಅಡಿಕೆ ತಟ್ಟೆಯಲ್ಲಿದ್ದ 10 ರೂಪಾಯಿ. ಉದ್ದ 123 ಮಿಲಿಮೀಟರ್. 500ರ ನೋಟು 150 ಎಂಬುದು ಪರ್ಸು ಮುಗಿದ ಮೇಲೆ ಗೊತ್ತಾಯಿತು.

"ಹತ್ತರ ನೋಟಿಗಂತಲೇ ಸ್ಪೆಷಲ್ಲಾಗಿ ಮಾಡಿದ್ದು" ಎಂದೆ.

"ನಮ್ಮಜ್ಜಿ ಹಳೇ ಸೀರೆಯಲ್ಲಿ ಮನೆಮಂದಿಗೆಲ್ಲ ಕೌದಿ ಹೊಲಿದ್ರು ರೀ. ಯಾರ ಮುಂದೂ ಹಿಡಿದು ತೋರಿಸ್ಲಿಲ್ಲ" ಎಂದಳು ಇವಳು.

ನಾನು ತೋರಿಸಿದೆ. ಅಂಗಡಿಯಲ್ಲಿ ಕೊತ್ತಂಬರಿಗೆಂದು ನವಿಲನ್ನು ನಿಧಾನವಾಗಿ ಹೊರತೆಗೆದು ಕೌಂಟರಿನ ಮೇಲಿಟ್ಟೆ. ಅಂಗಡಿಯವರು ಬಗ್ಗಿ ಓದಿದರು. "ಇದೇ ಬ್ರಾಂಡಾ ಸಾರ್? ಸ್ಟಾಕಿದೆ, ಹುಡುಗನ್ನ ಕಳಿಸ್ತೀನಿ." ಬೇಡ ಎನ್ನುವಷ್ಟರಲ್ಲಿ ಮೂಟೆ ಹುಡುಗನ ಹೆಗಲೇರಿತ್ತು. ಅದರ ಬಿಲ್ಲಿನಲ್ಲಿ ಒಳ್ಳೇ ಲೆದರ್ ಪರ್ಸೇ ಬರುತ್ತಿತ್ತು.

ಹೋಗಲಿ, ಅಕ್ಕಿಯಾದರೂ ಬಂತು ಎಂದುಕೊಳ್ಳುವಾಗ ತಾರಸಿಯಿಂದ ಕೂಗು. ನಾನು ಕತ್ತರಿಸಿದ್ದು ಬರೀ ಚೀಲವಲ್ಲವಂತೆ. ಸಂಡಿಗೆ ಹಾಕಲೆಂದು ಇವಳು ಚೀಲಗಳನ್ನು ಬಿಚ್ಚಿ, ಜೋಡಿಸಿ, ಹೊಲಿದು ಮಡಿಸಿಟ್ಟಿದ್ದ ಹಾಸಂತೆ. ನಡುವೆ ಚೌಕಾಕಾರದ ತೂತು, ಸುತ್ತ ಹಸಿ ಸಂಡಿಗೆ.

"ಆ ತೂತಲ್ಲಿ ನೀವೇ ಕೂತ್ಕೊಳ್ಳಿ. ಕಾಗೆ ಓಡಿಸೋಕೆ ಹೇಗೂ ಒಬ್ಬರು ಬೇಕು."

ಸಂಡಿಗೆ ಒಣಗೋಕೆ ಇನ್ನೂ ಎರಡು ಬಿಸಿಲು ಬೇಕಂತೆ. ಒಂದು ಕೊಡೆ ಕಳಿಸು ಅಂದರೆ, ನೆರಳು ಬೀಳುತ್ತೆ, ಬೇಡ ಅಂದಳು.