ಕೊನೆಯ ಸಾಲಿನ ಮಹಿಮೆ

ಲಿನಕ್ಸ್ ಸರ್ವರ್ ಒಂದರಲ್ಲಿ ಹೊಸ ತಂತ್ರಾಂಶವನ್ನು ಸ್ಥಾಪಿಸುವ ಪ್ರಯತ್ನ ವಿಫಲವಾದಾಗ ಪರದೆಯ ಮೇಲೆ ಮೂಡುವ ಬರಹಕ್ಕೆ ಒಂದು ಖಚಿತವಾದ ರಚನೆಯಿದೆ: ಮೊದಲಿಗೆ ಭರವಸೆ ಹುಟ್ಟಿಸುವ ಕೆಲವು ಸಾಲುಗಳು, ನಡುವೆ ಯಾರೂ ಓದದ ನಲವತ್ತೈವತ್ತು ಸಾಲುಗಳು, ಕೊನೆಗೆ ಎಲ್ಲರೂ ಓದುವ ಒಂದೇ ಒಂದು ಸಾಲು. ಡೆಬಿಯನ್ ಮತ್ತು ಉಬುಂಟು ಬಳಗದ ವ್ಯವಸ್ಥೆಗಳಲ್ಲಿ ಈ ಕೊನೆಯ ಸಾಲು, ಡಿಪಿಕೆಜಿ ಎಂಬ ಉಪಪ್ರಕ್ರಿಯೆಯು 1 ಎಂಬ ದೋಷಸಂಖ್ಯೆಯನ್ನು ಹಿಂದಿರುಗಿಸಿದೆ ಎಂದು ಗಂಭೀರವಾಗಿ ಪ್ರಕಟಿಸುತ್ತದೆ. ಯುನಿಕ್ಸ್ ಸಂಪ್ರದಾಯದಲ್ಲಿ 0 ಎಂದರೆ ಕೆಲಸ ಆಯಿತೆಂದೂ ಬೇರೆ ಯಾವ ಸಂಖ್ಯೆ ಬಂದರೂ ಆಗಲಿಲ್ಲವೆಂದೂ ಅರ್ಥವಾದ್ದರಿಂದ, ಆ ಸಾಲಿನ ಒಟ್ಟು ತಾತ್ಪರ್ಯ 'ಆಗಲಿಲ್ಲ' ಎಂಬಷ್ಟೇ ಆಗಿದ್ದು, ಈ ಸಂಗತಿ ನಿರ್ವಾಹಕನಿಗೆ ಆ ವೇಳೆಗಾಗಲೇ ತಿಳಿದಿರುತ್ತದೆ. ಆದರೂ ಆತ ನಕಲು ಮಾಡಿ ಗೂಗಲ್‌ನಲ್ಲಿ ಹುಡುಕುವುದು ಇದೇ ಸಾಲನ್ನು. ಮೊಬೈಲಿನಲ್ಲಿ ಫೋಟೊ ತೆಗೆದು ಹಿರಿಯ ಸಹೋದ್ಯೋಗಿಗೆ ವಾಟ್ಸ್ಆ್ಯಪ್ ಮಾಡುವುದೂ ಇದೇ ಸಾಲನ್ನು. ಕಾರಣವನ್ನು ಹೇಳುವ ಸಾಲು ಅದಕ್ಕಿಂತ ಇಪ್ಪತ್ತು ಸಾಲು ಮೇಲೆ, ಫೋಟೊದ ಚೌಕಟ್ಟಿನಿಂದ ಹೊರಗೆ ಇರುತ್ತದೆ.

ಪ್ಯಾಕೇಜ್ ಎಂದರೆ ತಂತ್ರಾಂಶವೊಂದರ ಕಡತಗಳನ್ನೂ, ಅವು ಎಲ್ಲೆಲ್ಲಿ ಕೂರಬೇಕೆಂಬ ವಿವರವನ್ನೂ, ಕೂತ ಮೇಲೆ ಏನೇನು ನಡೆಯಬೇಕೆಂಬ ಸೂಚನೆಗಳನ್ನೂ ಒಟ್ಟಿಗೆ ಕಟ್ಟಿದ ಗಂಟು. ಡೆಬಿಯನ್ನಿನ ಗಂಟನ್ನು ಬಿಚ್ಚಿದರೆ ಒಳಗೆ ಮೂರು ವಸ್ತುಗಳು ಸಿಗುತ್ತವೆ: 2.0 ಎಂಬ ಸ್ವರೂಪದ ಸಂಖ್ಯೆಯನ್ನು ಬಿಟ್ಟರೆ ಬೇರೇನೂ ಇಲ್ಲದ ಒಂದು ಪುಟ್ಟ ಕಡತ, ತಂತ್ರಾಂಶದ ಕಡತಗಳನ್ನೆಲ್ಲ ಹೊತ್ತ ಒಂದು ಸಂಪುಟ, ಮತ್ತು ಪ್ಯಾಕೇಜಿನ ಹೆಸರು, ಅವಲಂಬನೆಗಳು, ಸ್ಥಾಪನೆಗೆ ಮೊದಲು ಹಾಗೂ ಆಮೇಲೆ ಓಡಬೇಕಾದ ಚಿಕ್ಕ ಸ್ಕ್ರಿಪ್ಟುಗಳನ್ನು ಒಳಗೊಂಡ ಇನ್ನೊಂದು ಸಂಪುಟ. ಈ ಗಂಟನ್ನು ಬಿಚ್ಚಿ ಜೋಡಿಸುವುದು ಡಿಪಿಕೆಜಿಯ ಕೆಲಸ. ಯಾವ ಗಂಟು ಬೇಕು, ಅದರ ಜೊತೆಗೆ ಇನ್ನಾವುವು ಬೇಕು ಎಂದು ಲೆಕ್ಕ ಹಾಕಿ, ಅಂತರ್ಜಾಲದಿಂದ ತರಿಸಿ, ಡಿಪಿಕೆಜಿಯ ಕೈಗೆ ಕೊಟ್ಟು, ತಪ್ಪಿದಾಗ ಅದರತ್ತ ಬೆರಳು ತೋರಿಸುವುದು ಆಪ್ಟ್ ಎಂಬ ಮೇಲ್ವಿಚಾರಕನ ಕೆಲಸ. ಕೊನೆಯ ಸಾಲು ಅಷ್ಟು ನಿರುಪಯುಕ್ತವಾಗಿರುವುದಕ್ಕೆ ಈ ಶ್ರಮವಿಭಜನೆಯೇ ಕಾರಣ. ಕೆಲಸ ಕೆಟ್ಟದ್ದು ಸ್ಕ್ರಿಪ್ಟಿನಲ್ಲಿ. ಅದನ್ನು ಕಂಡದ್ದು ಡಿಪಿಕೆಜಿ. ಕೊನೆಯ ಮಾತು ಆಡುವ ಅಧಿಕಾರವಿರುವುದು ಆಪ್ಟ್‌ಗೆ, ಅದಕ್ಕೆ ಗೊತ್ತಿರುವುದು ಕೈಕೆಳಗಿನವನು ಸೋತನೆಂಬುದು ಮಾತ್ರ.

ಈ ವ್ಯವಸ್ಥೆಯ ಮೂಲಪುರುಷನಾದ ಇಯಾನ್ ಮರ್ಡಾಕ್ 1993ರಲ್ಲಿ, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ, ಗೆಳತಿ ಡೆಬ್ರಾಳ ಹೆಸರಿಗೆ ತನ್ನ ಹೆಸರನ್ನು ಹೊಂದಿಸಿ ಡೆಬಿಯನ್ ಯೋಜನೆಯನ್ನು ಆರಂಭಿಸಿದ. ಆತನ ನಂತರ ಯೋಜನೆಯ ನೇತೃತ್ವ ವಹಿಸಿದ ಬ್ರೂಸ್ ಪೆರೆನ್ಸ್ ಆಗ ಪಿಕ್ಸಾರ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಕಾರಣ, 1996ರ ಬಜ್‌ನಿಂದ ಮೊದಲ್ಗೊಂಡು ಡೆಬಿಯನ್ನಿನ ಪ್ರತಿಯೊಂದು ಆವೃತ್ತಿಗೂ 'ಟಾಯ್ ಸ್ಟೋರಿ' ಚಲನಚಿತ್ರಗಳ ಪಾತ್ರಗಳ ಹೆಸರೇ ಬಂದಿದೆ. ಸದಾ ಅಸ್ಥಿರವಾಗಿರುವ ಶಾಖೆಗೆ ಸಿಡ್ ಎಂಬ ಶಾಶ್ವತ ನಾಮಧೇಯ; ಚಿತ್ರದಲ್ಲಿ ಸಿಡ್ ಎಂಬವನು ಆಟಿಕೆಗಳನ್ನು ಮುರಿಯುವ ನೆರೆಮನೆಯ ಹುಡುಗ. ಇಷ್ಟು ಪ್ರಾಮಾಣಿಕವಾದ ಎಚ್ಚರಿಕೆಯನ್ನು ಬೇರೆ ಯಾವ ತಂತ್ರಾಂಶವೂ ತನ್ನ ಹೆಸರಿನಲ್ಲೇ ಹೊತ್ತು ತಿರುಗುತ್ತಿರುವಂತೆ ಕಾಣುವುದಿಲ್ಲ. 1999ರ ಮಾರ್ಚಿನಲ್ಲಿ ಡೆಬಿಯನ್ 2.1ರ ಜೊತೆಗೆ ಬಂದ ಆಪ್ಟ್ ಕೂಡ ಇದೇ ಪರಂಪರೆಗೆ ಸೇರಿದ್ದು: ಅದಕ್ಕೆ 'ಮೂ' ಎಂಬ ಆದೇಶ ಕೊಟ್ಟರೆ ಅಕ್ಷರಗಳಿಂದ ಬಿಡಿಸಿದ ಹಸುವೊಂದನ್ನು ಪರದೆಯ ಮೇಲೆ ನಿಲ್ಲಿಸಿ, ಇಂದು ತಾವು ಅಂಬಾ ಎಂದಿರಾ ಎಂದು ವಿಚಾರಿಸುತ್ತದೆ. ಸ್ಥಾಪನೆಯ ಬೇರೆಲ್ಲ ಆದೇಶಗಳು ಸೋತ ಸರ್ವರಿನಲ್ಲೂ ಈ ಒಂದು ಆದೇಶ ಮಾತ್ರ ತಪ್ಪದೆ ನಡೆಯುತ್ತದೆ.

ಅವಲಂಬನೆ ಎಂಬುದು ಈ ಶಾಸ್ತ್ರದ ಹೃದಯಭಾಗ. ಒಂದು ತಂತ್ರಾಂಶ ಓಡಲು ಇನ್ನೊಂದು ಗ್ರಂಥಾಲಯ, ಅಂದರೆ ಸಿದ್ಧ ಕೋಡ್‌ಗಳ ಸಂಗ್ರಹ, ಇಂತಿಷ್ಟನೆಯ ಅಥವಾ ಅದಕ್ಕಿಂತ ಹೊಸ ಆವೃತ್ತಿಯಲ್ಲಿ ಇರಬೇಕಾಗುತ್ತದೆ. ಅದಕ್ಕೆ ಮತ್ತೊಂದು, ಅದಕ್ಕೆ ಮಗದೊಂದು. ಮದುವೆಗೆ ಸೋದರಮಾವನನ್ನು ಕರೆದರೆ ಆತನ ಬೀಗರನ್ನು ಬಿಡುವಂತಿಲ್ಲ, ಬೀಗರು ಬಂದರೆ ಅವರೊಡನೆ ಒಂದೇ ಪಂಕ್ತಿಯಲ್ಲಿ ಕೂರದ ದಾಯಾದಿಗಳನ್ನು ಕರೆಯುವಂತಿಲ್ಲ, ದಾಯಾದಿಗಳಿಲ್ಲದೆ ಸೋದರಮಾವ ಬರುವುದಿಲ್ಲ ಎಂಬ ಸ್ಥಿತಿಯನ್ನೇ ಆಪ್ಟ್, ಪೂರೈಕೆಯಾಗದ ಅವಲಂಬನೆಗಳಿವೆ ಎಂಬ ಒಣ ಮಾತಿನಲ್ಲಿ ತಿಳಿಸುತ್ತದೆ. ಇದನ್ನು ಬಿಡಿಸಲಾಗದ ನಿರ್ವಾಹಕ ತನ್ನ ಬುದ್ಧಿಯನ್ನು ಹಳಿದುಕೊಳ್ಳಬೇಕಾಗಿಲ್ಲ. ಪ್ಯಾಕೇಜೊಂದನ್ನು ಅದರ ಎಲ್ಲ ಅವಲಂಬನೆ ಮತ್ತು ವಿರೋಧಗಳಿಗೆ ಭಂಗ ಬಾರದಂತೆ ಸ್ಥಾಪಿಸಲು ಸಾಧ್ಯವೇ ಎಂಬ ಪ್ರಶ್ನೆಯು ಗಣಕವಿಜ್ಞಾನದಲ್ಲಿ ಎನ್‌ಪಿ-ಕಂಪ್ಲೀಟ್ ಎನಿಸಿಕೊಳ್ಳುವ ಕಠಿಣ ವರ್ಗಕ್ಕೆ ಸೇರಿದೆ ಎಂಬುದನ್ನು ಯುರೋಪಿನ ಸಂಶೋಧಕರು 2006ರಲ್ಲೇ ಸಾಧಿಸಿ ತೋರಿಸಿದ್ದಾರೆ. ಎಲ್ಲ ಸಂದರ್ಭಗಳಲ್ಲೂ ವೇಗವಾಗಿ ಉತ್ತರಿಸುವ ವಿಧಾನ ಈ ವರ್ಗದ ಯಾವೊಂದು ಪ್ರಶ್ನೆಗಾದರೂ ಇದೆಯೇ ಇಲ್ಲವೇ ಎಂದು ಬಗೆಹರಿಸಿದವರಿಗೆ ಕ್ಲೇ ಗಣಿತ ಸಂಸ್ಥೆ 10 ಲಕ್ಷ ಡಾಲರ್ ಬಹುಮಾನವನ್ನು 2000ದಲ್ಲಿ ಘೋಷಿಸಿದ್ದು, ಅದು ಇನ್ನೂ ಯಾರಿಗೂ ಸಂದಿಲ್ಲ. ಮ್ಯಾನೇಜರುಗಳು 'ಒಂದು ಪ್ಯಾಕೇಜ್ ಹಾಕೋಕೆ ಇಷ್ಟು ಹೊತ್ತಾ' ಎಂದು ಕೇಳುವಾಗ ಈ ಸಂಗತಿ ಅವರ ಗಮನದಲ್ಲಿ ಇರುವುದಿಲ್ಲ.

ಅವಲಂಬನೆಯ ಹಂತವನ್ನು ತಲುಪುವ ಮೊದಲೇ ಕೆಲಸ ನಿಲ್ಲಿಸುವ ಅಡ್ಡಿಯೆಂದರೆ ಬೀಗ. ಏಕಕಾಲಕ್ಕೆ ಇಬ್ಬರು ಪ್ಯಾಕೇಜ್‌ಗಳ ದಾಖಲೆಯನ್ನು ತಿದ್ದಬಾರದೆಂದು ವ್ಯವಸ್ಥೆಯು ಒಂದು ಕಡತಕ್ಕೆ ಬೀಗ ಹಾಕಿಕೊಳ್ಳುತ್ತದೆ. ಉಬುಂಟು ಸರ್ವರ್ ಭದ್ರತಾ ತಿದ್ದುಪಡಿಗಳನ್ನು ತಾನೇ ತಾನಾಗಿ ಹಾಕಿಕೊಳ್ಳುವ ಹೊತ್ತಿನಲ್ಲಿ ನಿರ್ವಾಹಕನೂ ಬಂದರೆ, 'ಅನ್‌ಅಟೆಂಡೆಡ್-ಅಪ್‌ಗ್ರ' ಎಂಬ ಅರ್ಧಕ್ಕೆ ತುಂಡಾದ ಹೆಸರಿನ ಪ್ರಕ್ರಿಯೆಯೊಂದು ಬೀಗ ಹಿಡಿದಿದೆ ಎಂಬ ಉತ್ತರ ದೊರೆಯುತ್ತದೆ. ಲಿನಕ್ಸ್‌ನ ಒಳತಿರುಳಾದ ಕರ್ನಲ್, ಪ್ರಕ್ರಿಯೆಯ ಹೆಸರಿಗೆ 15 ರೋಮನ್ ಅಕ್ಷರಗಳಿಗಿಂತ ಹೆಚ್ಚು ಜಾಗ ಕೊಡುವುದಿಲ್ಲವಾದ್ದರಿಂದ 'ಅಪ್‌ಗ್ರೇಡ್' ಎಂಬುದು ಪೂರ್ತಿಯಾಗುವುದೇ ಇಲ್ಲ. ಆ ಪ್ರಕ್ರಿಯೆ ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ಕೆಲಸ ಮುಗಿಸಿ ಹೊರಡುತ್ತದೆ. ಆದರೆ ಕಾಯುವುದು ಈ ವೃತ್ತಿಯಲ್ಲಿ ಪರಿಹಾರವೆಂದು ಪರಿಗಣಿತವಾಗಿಲ್ಲ. ಬೀಗದ ಕಡತವನ್ನೇ ಅಳಿಸಿಬಿಡಿ ಎಂಬ ಸಲಹೆ ತಲೆಮಾರುಗಳಿಂದ ಬಾಯಿಂದ ಬಾಯಿಗೆ ಹರಿದು ಬಂದಿದೆ. ಬೀಗವು ಕರ್ನಲ್‌ನ ಲೆಕ್ಕದಲ್ಲಿ ಹಳೆಯ ಕಡತಕ್ಕೆ ಅಂಟಿಕೊಂಡಿರುವುದರಿಂದ, ಅಳಿಸಿದ ಕೂಡಲೇ ಎರಡನೆಯವನು ಅದೇ ಹೆಸರಿನ ಹೊಸ ಕಡತ ಸೃಷ್ಟಿಸಿ ಅದಕ್ಕೆ ತನ್ನ ಬೀಗ ಹಾಕಿಕೊಳ್ಳುತ್ತಾನೆ, ಮೊದಲನೆಯವನ ಬಳಿಯೂ ಬೀಗ ಉಳಿದಿರುತ್ತದೆ, ಇಬ್ಬರೂ ನಿಶ್ಚಿಂತೆಯಿಂದ ಒಂದೇ ದಾಖಲೆಯನ್ನು ತಿದ್ದತೊಡಗುತ್ತಾರೆ. ಈ ಸಾಧ್ಯತೆಯನ್ನು ಮೊದಲೇ ಊಹಿಸಿದವರಂತೆ ಡೆಬಿಯನ್ನಿನ ಕರ್ತೃಗಳು ದಾಖಲೆಯ ಹಳೆಯ ಪ್ರತಿಗಳನ್ನು ಬೇರೊಂದು ಕೋಶದಲ್ಲಿ ಕಾಪಿಡುವ ವ್ಯವಸ್ಥೆ ಮಾಡಿದ್ದಾರೆ.

ಮೇಲಿನ ಸಾಲುಗಳನ್ನು ಓದುವುದರ ಪ್ರಯೋಜನವೇನೆಂಬುದು ಸ್ಪಷ್ಟವಾಗಲು ಒಂದು ಪ್ರಕರಣವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ರಷ್ಯಾದ ಇಗೋರ್ ಸಿಸೋಯೆವ್ 2004ರಲ್ಲಿ ಲೋಕಾರ್ಪಣೆ ಮಾಡಿದ ಎಂಜಿನ್-ಎಕ್ಸ್ ಜಾಲತಾಣಗಳನ್ನು ಬಡಿಸುವ ಜನಪ್ರಿಯ ತಂತ್ರಾಂಶ. ಅದನ್ನು ಉಬುಂಟುವಿನ ಯಾವುದೋ ಆವೃತ್ತಿಯಿರುವ ಸರ್ವರ್ ಒಂದರಲ್ಲಿ ಸ್ಥಾಪಿಸಹೊರಟೆವೆನ್ನೋಣ: ಪ್ಯಾಕೇಜ್ ಬರುತ್ತದೆ, ಕಡತಗಳು ತಮ್ಮ ತಮ್ಮ ಜಾಗಗಳಲ್ಲಿ ಕೂರುತ್ತವೆ, ಸ್ಥಾಪನೋತ್ತರ ಸ್ಕ್ರಿಪ್ಟ್ ಸೇವೆಯನ್ನು ಆರಂಭಿಸಲು ಹೋಗುತ್ತದೆ, ಸೇವೆ ಏಳುವುದಿಲ್ಲ, ಸ್ಕ್ರಿಪ್ಟ್ ಸೋಲುತ್ತದೆ. ಎಂಜಿನ್-ಎಕ್ಸ್‌ನ ತಿರುಳಿನ ಪ್ಯಾಕೇಜ್ ಅಣಿಯಾಗಲಿಲ್ಲವೆಂಬ ಕಾರಣಕ್ಕೆ ಅದನ್ನು ಅವಲಂಬಿಸಿದ ಮೇಲಿನ ಪ್ಯಾಕೇಜನ್ನೂ ಹಾಗೆಯೇ ಬಿಡಲಾಗುತ್ತದೆ. ಹೀಗೆ ಒಂದು ದೋಷ ಎರಡಾಗಿ ವರದಿಯಾಗಿ, ಕೊನೆಯಲ್ಲಿ 1 ಎಂಬ ಸಂಖ್ಯೆ ರಾರಾಜಿಸುತ್ತದೆ. ಈ ಹಂತದಲ್ಲಿ ನಿರ್ವಾಹಕ ಪ್ಯಾಕೇಜನ್ನು ತೆಗೆದು ಮತ್ತೆ ಹಾಕುತ್ತಾನೆ. ಹಾಗಾಗದೆ, ಈ ಸಲ ಎಂಟರ್ ಕೀಲಿಯನ್ನು ಇನ್ನಷ್ಟು ಬಲವಾಗಿ ಒತ್ತಿ ಹಾಕುತ್ತಾನೆ. ಹಾಗೂ ಆಗದೆ ಸರ್ವರನ್ನೇ ರೀಬೂಟ್ ಮಾಡುವ ಅನುಮತಿಗೆ ಮೇಲ್ ಬರೆಯುತ್ತಾನೆ.

ಸೇವೆಯ ದಿನಚರಿಯನ್ನು ತೆರೆದು ನೋಡಿದ್ದರೆ ಅಲ್ಲಿ 97 ಎಂಬ ಇನ್ನೊಂದು ಸಂಖ್ಯೆಯೂ, ಈ ಬಗೆಯ ವಿಳಾಸಕುಟುಂಬಕ್ಕೆ ಇಲ್ಲಿ ಬೆಂಬಲವಿಲ್ಲ ಎಂಬ ವಿವರಣೆಯೂ ಕಾಣುತ್ತಿದ್ದವು. ಅಂತರ್ಜಾಲದ ಹಳೆಯ ವಿಳಾಸಪದ್ಧತಿಯಾದ ಐಪಿವಿ4ರಲ್ಲಿ ಸುಮಾರು 429 ಕೋಟಿ ವಿಳಾಸಗಳಿಗಷ್ಟೇ ಅವಕಾಶವಿದ್ದು, ಹಂಚಲು ಉಳಿದಿದ್ದ ಕಟ್ಟಕಡೆಯ ದೊಡ್ಡ ಗುಂಪುಗಳು 2011ರ ಫೆಬ್ರುವರಿಯಲ್ಲಿ ಖರ್ಚಾದವು. ಅದಕ್ಕೆ ಬದಲಿಯಾಗಿ ರೂಪುಗೊಂಡದ್ದು ಐಪಿವಿ6. ಎಂಜಿನ್-ಎಕ್ಸ್‌ನ ಸಿದ್ಧ ಸಂರಚನೆಯಲ್ಲಿ ಕಿವಿಗೊಡುವ ಸಾಲುಗಳು ಎರಡಿದ್ದು, ಒಂದು ಹಳೆಯ ಪದ್ಧತಿಗೆ, ಇನ್ನೊಂದು ಹೊಸತಿಗೆ. ಆದರೆ ಆ ಸರ್ವರನ್ನು ಹಿಂದೊಮ್ಮೆ ಕಟ್ಟಿದ ಯಾರೋ ಪುಣ್ಯಾತ್ಮರು, ಐಪಿವಿ6 ನಮಗೇಕೆ, ಸುಮ್ಮನೆ ತಲೆನೋವು ಎಂದು ಕರ್ನಲ್ ಬೂಟ್ ಆಗುವ ಹಂತದಲ್ಲೇ ಅದನ್ನು ಪೂರ್ತಿಯಾಗಿ ಬಂದ್ ಮಾಡಿ, ಆ ವಿಷಯವನ್ನು ಎಲ್ಲೂ ಬರೆದಿಡದೆ, ಬೇರೆ ಕಂಪನಿ ಸೇರಿಕೊಂಡಿರುತ್ತಾರೆ. ಸಂರಚನೆಯ ಎರಡನೆಯ ಸಾಲಿನ ಮುಂದೆ ಒಂದು ಹ್ಯಾಷ್ ಚಿಹ್ನೆ ಇಟ್ಟು ಅದನ್ನು ನಿಷ್ಕ್ರಿಯಗೊಳಿಸಿ, ಬಾಕಿ ಉಳಿದ ಪ್ಯಾಕೇಜ್‌ಗಳನ್ನು ಅಣಿಗೊಳಿಸೆಂದು ಡಿಪಿಕೆಜಿಗೆ ಹೇಳಿದರೆ ಕೆಲಸ ಮುಗಿಯಿತು. ಮುಗಿಸದೆ ಬಿಟ್ಟರೆ ಏನಾಗುತ್ತದೆಂಬುದೂ ಅಧ್ಯಯನಯೋಗ್ಯವೇ: ಅರೆಬರೆ ಅಣಿಯಾದ ಪ್ಯಾಕೇಜನ್ನು ಮುಂದಿನ ಪ್ರತಿಯೊಂದು ಸ್ಥಾಪನೆಯ ಹೊತ್ತಿನಲ್ಲೂ ಡಿಪಿಕೆಜಿ ಮತ್ತೆ ಅಣಿಗೊಳಿಸಲು ಯತ್ನಿಸಿ ಮತ್ತೆ ಸೋಲುವುದರಿಂದ, ಯಾವ ಪಾಪವನ್ನೂ ಅರಿಯದ ಇನ್ನೊಬ್ಬ ನಿರ್ವಾಹಕ ಬೇರೊಂದು ಪುಟ್ಟ ಉಪಕರಣವನ್ನು ಹಾಕಹೋದಾಗಲೂ ಎಂಜಿನ್-ಎಕ್ಸ್ ವಿಫಲವಾಯಿತೆಂಬ ಸುದ್ದಿ ಎದುರಾಗುತ್ತದೆ, ಆತ ಬೇಡಿದ ಉಪಕರಣ ಮಾತ್ರ ಅಷ್ಟರಲ್ಲಿ ಸದ್ದಿಲ್ಲದೆ ಬಂದು ಕೂತಿರುತ್ತದೆ.

ಇನ್ನು ಜಾಗವಿಲ್ಲವೆಂಬ ದೋಷ. ಬೂಟ್‌ಗೆಂದು ಪ್ರತ್ಯೇಕವಾಗಿ ತೆಗೆದಿಟ್ಟ ಚಿಕ್ಕ ವಿಭಾಗದಲ್ಲಿ ಹಳೆಯ ಕರ್ನಲ್‌ಗಳು ಒಂದರ ಮೇಲೊಂದು ತುಂಬಿ ಹೊಸತಿಗೆ ಎಡೆಯಿಲ್ಲದಂತಾದಾಗ, ಹಳೆಯದನ್ನು ತೆಗೆಯಲು ಹೋದರೆ ಮೊದಲು ಅರ್ಧಕ್ಕೆ ನಿಂತ ಸ್ಥಾಪನೆಯನ್ನು ಮುಗಿಸಿ ಎಂದು ಆಪ್ಟ್ ಹೇಳುತ್ತದೆ, ಮುಗಿಸಲು ಹೋದರೆ ಜಾಗವಿಲ್ಲ ಎನ್ನುತ್ತದೆ. ಈ ವರ್ತುಲದಿಂದ ಪಾರಾಗಲು ಡಿಪಿಕೆಜಿಯನ್ನೇ ನೇರವಾಗಿ ಮೊರೆಹೋಗುವುದು ರೂಢಿ. ಇನ್ನೂ ಸೂಕ್ಷ್ಮವಾದ ಪ್ರಭೇದವೊಂದರಲ್ಲಿ ಡಿಸ್ಕಿನ ಅರ್ಧಭಾಗ ಖಾಲಿಯಿದ್ದರೂ, ಪ್ರತಿ ಕಡತಕ್ಕೂ ಒಂದರಂತೆ ಬೇಕಾಗುವ ಐನೋಡ್ ಎಂಬ ದಾಖಲೆಚೀಟಿಗಳು ಲಕ್ಷಾಂತರ ಚಿಲ್ಲರೆ ಕಡತಗಳಿಂದಾಗಿ ಮುಗಿದುಹೋಗಿ, ಜಾಗವಿದ್ದೂ ಜಾಗವಿಲ್ಲದ ಸ್ಥಿತಿ ಉಂಟಾಗುತ್ತದೆ.

ಗಡಿಯಾರದ ದೋಷ ಭಾರತದ ಸರ್ವರ್‌ಗಳಲ್ಲಿ ಒಂದು ವಿಶಿಷ್ಟ ರೂಪ ತಾಳುತ್ತದೆ. ಪ್ಯಾಕೇಜ್‌ಗಳ ಸೂಚಿಗೆ ಪ್ರಕಟಣೆಯ ದಿನಾಂಕ, ಸಮಯಗಳಿರುತ್ತವೆ. ಯಂತ್ರದ ಗಡಿಯಾರ ವಿಶ್ವಸಮಯದಲ್ಲಿ ಓಡುತ್ತಿರುವಾಗ ಅದನ್ನೇ ಭಾರತೀಯ ಸಮಯವೆಂದು ವ್ಯವಸ್ಥೆ ತಪ್ಪಾಗಿ ಗ್ರಹಿಸಿದರೆ ಸರ್ವರ್ ಸರಿಯಾಗಿ ಐದೂವರೆ ಗಂಟೆ ಹಿಂದೆ ಬೀಳುತ್ತದೆ. ಆಗ ಬೆಳಿಗ್ಗೆಯಷ್ಟೇ ಹೊರಟ ಸೂಚಿಯನ್ನು ಕಂಡು ಆಪ್ಟ್, ಇದು ಇನ್ನೂ ಜಾರಿಗೆ ಬಂದಿಲ್ಲ, ಇಂತಿಷ್ಟು ಗಂಟೆಗಳ ಬಳಿಕ ಬರುತ್ತದೆ ಎಂದು ಭವಿಷ್ಯದಿಂದ ಬಂದ ಪತ್ರವನ್ನು ತಿರಸ್ಕರಿಸುತ್ತದೆ. ವಿಚಿತ್ರವೆಂದರೆ ಮಧ್ಯಾಹ್ನ ಊಟ ಮುಗಿಸಿ ಬಂದು ಮತ್ತೆ ಪ್ರಯತ್ನಿಸಿದರೆ ಅದೇ ಆದೇಶ ತಾನಾಗಿ ಯಶಸ್ವಿಯಾಗುವುದುಂಟು.

ಹೀಗೆ ಸದಾ ಅನುಮಾನಿಸುವ ಆಪ್ಟ್ ಒಂದು ಕಾಲದಲ್ಲಿ ತೀರಾ ಅಪಾಯಕಾರಿಯಾದ ಕೆಲಸಕ್ಕೂ ಒಪ್ಪಿಕೊಳ್ಳುತ್ತಿತ್ತು. ವ್ಯವಸ್ಥೆಗೆ ಅತ್ಯಗತ್ಯವಾದ ಪ್ಯಾಕೇಜ್‌ಗಳನ್ನು ಕೀಳಬೇಕಾದಾಗ ಬಳಕೆದಾರನಿಂದ, 'ಹೌದು, ನಾನು ಹೇಳಿದಂತೆ ಮಾಡು!' ಎಂಬ ವಾಕ್ಯವನ್ನು ಆಶ್ಚರ್ಯಚಿಹ್ನೆಯ ಸಮೇತ ಇಂಗ್ಲಿಷಿನಲ್ಲಿ ಪೂರ್ತಿಯಾಗಿ ಬೆರಳಚ್ಚು ಮಾಡಿಸಿಕೊಳ್ಳುವುದಷ್ಟೇ ಅದರ ಷರತ್ತಾಗಿತ್ತು. 2021ರಲ್ಲಿ ಕೆನಡಾದ ಹೆಸರಾಂತ ಯೂಟ್ಯೂಬ್ ನಿರೂಪಕರೊಬ್ಬರು ಆಟಗಳ ತಂತ್ರಾಂಶವೊಂದನ್ನು ಸ್ಥಾಪಿಸುವಾಗ ಈ ವಾಕ್ಯವನ್ನು ಶ್ರದ್ಧೆಯಿಂದ ಬರೆದುಕೊಟ್ಟರು, ಪ್ಯಾಕೇಜಿನಲ್ಲಿದ್ದ ದೋಷವೊಂದರ ದೆಸೆಯಿಂದ ಅವರ ಇಡೀ ಡೆಸ್ಕ್‌ಟಾಪ್ ಕ್ಯಾಮೆರಾದ ಎದುರಿನಲ್ಲೇ ಕಿತ್ತುಹೋಯಿತು, ಲಕ್ಷಾಂತರ ಮಂದಿ ಅದನ್ನು ನೋಡಿದರು. ಆ ಬಳಿಕ ಆಪ್ಟ್‌ನ ಕರ್ತೃಗಳು ಆ ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿದರು. ಎಚ್ಚರಿಕೆ ಅಲ್ಲೂ ಪರದೆಯ ಮೇಲೆ ಸ್ಪಷ್ಟವಾಗಿಯೇ ಇತ್ತು. ಅದು ಕೊನೆಯ ಸಾಲಿಗಿಂತ ಮೇಲಿದ್ದದ್ದೇ ತಪ್ಪು.

ಅಮೆರಿಕದ ಗ್ರಾಹಕರ ಸರ್ವರ್‌ಗಳನ್ನು ನೋಡಿಕೊಳ್ಳುವ ಬೆಂಗಳೂರಿನ ರಾತ್ರಿಪಾಳಿಯಲ್ಲಿ ಇಂತಹ ಪ್ರತಿಯೊಂದು ಘಟನೆಗೂ ಆರ್‌ಸಿಎ ಎಂದು ಕರೆಯಲಾಗುವ ಮೂಲಕಾರಣ ವರದಿ ಸಲ್ಲಿಸುವ ಪದ್ಧತಿಯಿದೆ. ಹ್ಯಾಷ್ ಚಿಹ್ನೆ ಇಟ್ಟ ಮೇಲೆ ಎಂಜಿನ್-ಎಕ್ಸ್ ಎದ್ದು ನಿಂತು, ಗ್ರಾಹಕ ತೃಪ್ತನಾಗಿ, ಕ್ಯಾಬ್ ಬರಲು ಹತ್ತು ನಿಮಿಷ ಇರುವಾಗ ಈ ವರದಿ ಸಿದ್ಧವಾಗುತ್ತದೆ. ಹಿಂದಿನವರು ಐಪಿವಿ6 ಅನ್ನು ಬಂದ್ ಮಾಡಿದ್ದು, ಅದನ್ನು ಯಾರೂ ಬರೆದಿಡದಿದ್ದುದು, ಮೇಲಿನ ಸಾಲುಗಳನ್ನು ಯಾರೂ ಓದದಿದ್ದುದು ಇವೆಲ್ಲವನ್ನೂ ನಮೂದಿಸುವಷ್ಟು ದೊಡ್ಡ ಅಂಕಣ ಆ ನಮೂನೆಯಲ್ಲಿ ಇಲ್ಲದಿರುವುದರಿಂದ, ಕಾರಣದ ಜಾಗದಲ್ಲಿ 'ತಾತ್ಕಾಲಿಕ ನೆಟ್‌ವರ್ಕ್ ಸಮಸ್ಯೆ' ಎಂದು ಬರೆಯಲಾಗುತ್ತದೆ. ವರದಿ ಮರುದಿನ ನೆಟ್‌ವರ್ಕ್ ತಂಡದ ಮುಂದೆ ಬರುತ್ತದೆ. ಅವರು ಅದರ ಕೊನೆಯ ಸಾಲನ್ನು ಓದಿ, 'ನಮ್ಮ ಕಡೆಯಿಂದ ಎಲ್ಲ ಸರಿಯಿದೆ' ಎಂದು ಷರಾ ಬರೆದು ಟಿಕೆಟ್ ಮುಚ್ಚುತ್ತಾರೆ.