ಪ್ಲಾಸ್ಟಿಕ್ ಸೀವನ ಮೀಮಾಂಸೆ

ನೀರು ಒಳಗೆ ಬರಬಾರದೆಂದು ದುಡ್ಡು ಕೊಟ್ಟು ತಂದ ಬಟ್ಟೆಗೆ ನಾವೇ ಸಾಲಾಗಿ ತೂತು ಹೊಡೆಯುವ ಕ್ರಿಯೆಯನ್ನು ಲೋಕದಲ್ಲಿ ಹೊಲಿಗೆ ಎನ್ನುತ್ತಾರೆ. ಈ ವಿರೋಧಾಭಾಸದ ಬಗ್ಗೆ ಪೂರ್ವಸೂರಿಗಳು ಒಂದು ಭಾಷ್ಯವನ್ನಾದರೂ ಬರೆದಿಡದೆ ಹೋದರು. ಮಲೆನಾಡಿನ ಮನೆಯೊಂದರ ಜಗಲಿಯಲ್ಲಿ, ಕಾಲಲ್ಲಿ ತುಳಿಯುವ ಮಿಷನ್ನಿನ ಸಮಕ್ಷಮದಲ್ಲಿ, ಆ ಲೋಪವನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಘನ ಉದ್ದೇಶ.

ಸಮಸ್ಯೆ ಯಂತ್ರಕ್ಕಿಂತ ಹಳೆಯದು. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂತೋಷ್ ಎರಡು ಬಟ್ಟೆಗಳ ನಡುವೆ ಕರಗಿಸಿದ ರಬ್ಬರು ಬಳಿದು, ನೀರಿಳಿಯದ ಬಟ್ಟೆಗೆ 1823ರಲ್ಲಿ ಪೇಟೆಂಟ್ ಪಡೆದ. ದರ್ಜಿಗಳು ಅದರಲ್ಲಿ ಕೋಟು ಹೊಲಿದರು. ಸೂಜಿ ಹೋದ ದಾರಿಯಲ್ಲೇ ನೀರೂ ಹೋಯಿತು. ಎಲಿಯಾಸ್ ಹೋವ್ ತನ್ನ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1846ರಲ್ಲಿ. ಕೈಯಲ್ಲಿ ನಿಧಾನಕ್ಕೆ ಮಾಡುತ್ತಿದ್ದ ತೂತನ್ನು ಬೇಗ ಬೇಗ ಮಾಡುವ ಭಾಗ್ಯಕ್ಕೆ ಕೋಟುಧಾರಿಗಳು 23 ವರ್ಷ ಕಾದರೆಂದಾಯಿತು.

ಶೃಂಗೇರಿ, ಮೇಲುಕೋಟೆ, ಉಡುಪಿ ಮೂರೂ ಇರುವ ನಾಡಿನಲ್ಲಿ ಈ ವಿಷಯಕ್ಕೂ ಮೂರು ಮತಗಳಿರುವುದು ಸಹಜ. ಅದ್ವೈತಿಗಳ ಪ್ರಕಾರ ಎರಡು ಪದರಗಳು ಕಾವಿನಿಂದ ಕರಗಿ ಒಂದೇ ಆಗಬೇಕು. ದಾರವೆಂಬುದು ಬರೀ ಮಾಯೆ. ಅಂಗಡಿಯ ಅಗ್ಗದ ಮಳೆಕೋಟು ಹುಟ್ಟುವುದು ಹೀಗೆಯೇ. ಮನೆಯಲ್ಲಿ ಈ ಸಾಧನೆಗೆ ಹೊರಟರೆ ಇಸ್ತ್ರಿಪೆಟ್ಟಿಗೆಯೂ ಪ್ಲಾಸ್ಟಿಕ್ಕಿನಲ್ಲಿ ಐಕ್ಯವಾಗುತ್ತದೆ. ವಿಶಿಷ್ಟಾದ್ವೈತಿಗಳು ಹೊಲಿಗೆಯನ್ನು ಒಪ್ಪುತ್ತಾರೆ, ಆದರೆ ಮೇಲೊಂದು ಟೇಪಿನ ಕೃಪೆ ಬೇಕೆನ್ನುತ್ತಾರೆ.

ಮನೆಯ ಮಿಷನ್ನು ಮಾತ್ರ ಹುಟ್ಟಾ ದ್ವೈತಿ. ಕೆಳಗಿನ ಹಲ್ಲು ಅಡಿಯ ಪದರವನ್ನು ಮುಂದಕ್ಕೆಳೆಯುತ್ತದೆ. ಮೇಲಿನ ಫೂಟು ರೆಕ್ಸಿನ್ನಿಗೆ ಅಂಟಿಕೊಂಡು ಜಪ್ಪಯ್ಯ ಎಂದರೂ ಬಿಡುವುದಿಲ್ಲ. ಕೂಡಿಯೇ ಹೊರಟ ಎರಡು ಪದರಗಳಲ್ಲಿ ಅಡಿಯದು ಊರು ಮುಟ್ಟಿದಾಗ ಮೇಲಿನದು ನಾಲ್ಕು ಬೆರಳು ಉಳಿದಿರುತ್ತದೆ. ಬಟ್ಟೆ ಪೂರ್ತಿ ನಿಂತೇಬಿಟ್ಟರೆ ಸೂಜಿ ಒಂದೇ ಜಾಗದಲ್ಲಿ ಕುಟ್ಟಿ ಕುಟ್ಟಿ ಅದು ಅಲ್ಲೇ ಹರಿಯುತ್ತದೆ. ಶಾಸ್ತ್ರೋಕ್ತ ಪರಿಹಾರ ಟೆಫ್ಲಾನ್ ಫೂಟು. ಬಡ ಸಾಧಕರು ಫೂಟಿನ ಅಡಿಗೆ ಸೆಲ್ಲೋಟೇಪ್ ಅಂಟಿಸಬಹುದು, ಪದರದ ಮೇಲೆ ಮಗುವಿನ ಪೌಡರು ಉದುರಿಸಬಹುದು, ತೆಳು ಕಾಗದವಿಟ್ಟು ಹೊಲಿದು ಆಮೇಲೆ ಹರಿದು ತೆಗೆಯಬಹುದು. ಪೌಡರು ಹಾಕಿದ ದಿನ ಮಿಷನ್ನು ಘಮಘಮಿಸುತ್ತದೆ. ಬಾಬಿನ್ ಗೂಡಿನ ಸ್ಥಿತಿಯನ್ನು ವರ್ಣಿಸಲು ಈ ಪ್ರಬಂಧಕ್ಕೆ ಧೈರ್ಯವಿಲ್ಲ.

ಕರ್ಮಸಿದ್ಧಾಂತಕ್ಕೆ ಇಲ್ಲಿರುವಷ್ಟು ಪುರಾವೆ ಬೇರೆಲ್ಲೂ ಇಲ್ಲ. ಹತ್ತಿಬಟ್ಟೆಯ ತಪ್ಪು ಹೊಲಿಗೆಯನ್ನು ಬಿಚ್ಚಿ ತೊಳೆದರೆ ತೂತು ಮುಚ್ಚುತ್ತದೆ. ಪ್ಲಾಸ್ಟಿಕ್ಕಿನದು ಪ್ರಾರಬ್ಧ, ಅನುಭವಿಸಿಯೇ ತೀರಬೇಕು. ಗುಂಡುಸೂಜಿಯೂ ಪಾಪವೇ, ಆದ್ದರಿಂದ ಬಟ್ಟೆ ಒಣಹಾಕುವ ಕ್ಲಿಪ್ಪು ಕಚ್ಚಿಸತಕ್ಕದ್ದು. ಹೊಲಿಗೆಯ ಅಂತರ ಮೂರ್ನಾಲ್ಕು ಮಿಲಿಮೀಟರಿಗೆ ಕಡಿಮೆ ಬೇಡ. ಒತ್ತೊತ್ತಾಗಿ ಹೊಲಿದರೆ ಗಟ್ಟಿ ಎಂಬ ನಂಬಿಕೆ ರವಿಕೆಗೆ ಸರಿ. ಇಲ್ಲಿ ತೂತುಗಳೇ ಕೂಡಿಕೊಂಡು ಬಟ್ಟೆ ಇಬ್ಭಾಗವಾಗುತ್ತದೆ.

ದಾರದ ವಿಷಯದಲ್ಲಿ ಅತ್ತೆ–ಸೊಸೆಯರ ವಾದ ಇನ್ನೂ ಇತ್ಯರ್ಥವಾಗಿಲ್ಲ.

“ಹತ್ತಿ ದಾರ ಹಾಕೇ. ನೀರು ಕುಡಿದು ಉಬ್ಬಿ ತೂತು ತಾನೇ ಮುಚ್ಚುತ್ತೆ.”

“ಉಬ್ಬುತ್ತೆ ಅತ್ತೆ, ಶ್ರಾವಣದ ಹೊತ್ತಿಗೆ ಬೂಷ್ಟು ಹಿಡಿದು ಕೊಳೆಯುತ್ತೆ. ಪಾಲಿಯೆಸ್ಟರೇ ಇರಲಿ.”

ಇಬ್ಬರ ಮಾತೂ ದಿಟ. ಹೀಗಾಗಿ ವಿದ್ವಾಂಸನಾದವನು ಎದ್ದು ಕಾಫಿ ಕೇಳುವುದು ಕ್ಷೇಮ.

ಅಂಚುಗಳನ್ನು ಕೂಡಿಸುವ ಪ್ರಶ್ನೆಗೆ ಪ್ರಮಾಣ ಸೂರಿನ ಮೇಲೆಯೇ ಇದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಸುಡಲು ಶುರುಮಾಡಿದ ಹೆಂಚುಗಳಂತೆ ಮೇಲಿನ ತುಂಡು ಕೆಳಗಿನದರ ಮೇಲೆ ಮಲಗಬೇಕು, ಮಡಿಕೆಯ ಬಾಯಿ ಇಳಿಜಾರಿಗೆ ತೆರೆದಿರಬೇಕು. ತಿರುಗಾಮುರುಗಾ ಹೊಲಿದರೆ ಅದು ಮಳೆನೀರು ಕೊಯ್ಲು. ಬೇರೆ ಇಲಾಖೆಗೆ ಸೇರಿದ ವಿಷಯ.

ಕೊನೆಗೊಂದು ಆಕ್ಷೇಪವಿದೆ. ಗದ್ದೆಯ ನಟ್ಟಿಗೆ ಬರುವ ಹೆಂಗಸರು ಪ್ಲಾಸ್ಟಿಕ್ ಶೀಟಿನ ಒಂದು ತುದಿಯನ್ನು ಮಡಚಿ, ತಲೆಗೇರಿಸಿ, ಹಗ್ಗದಲ್ಲಿ ಬಿಗಿದು ಕೊಪ್ಪೆ ಮಾಡಿಕೊಳ್ಳುತ್ತಾರೆ. ಸೂಜಿಯಿಲ್ಲ, ದಾರವಿಲ್ಲ, ಮತಭೇದವಿಲ್ಲ. ಎಂಥ ಜಡಿಮಳೆಯಲ್ಲೂ ಬೆನ್ನು ಒದ್ದೆಯಾಗುವುದಿಲ್ಲ. ಈ ಪದ್ಧತಿ ಶಾಸ್ತ್ರಸಮ್ಮತವಲ್ಲದ ಕಾರಣ ಪ್ರಬಂಧದ ವ್ಯಾಪ್ತಿಯಿಂದ ಅದನ್ನು ಹೊರಗಿಡಲಾಗಿದೆ.