ಮೊದಲು ಕೆಡಿಸಬೇಕು

ನಮ್ಮ ಊರು ಕೋಗಿಲು ಅಂದರೆ ಕೇಳಿದವರು ಒಂದು ಕ್ಷಣ ಕವಿಗಳಾಗುತ್ತಾರೆ. ‘ಕೋಗಿಲೆಗಳು ಬಹಳವಾ ಅಲ್ಲಿ?’ ಇವೆ, ಇಲ್ಲವೆನ್ನಲಾರೆ. ಆದರೆ ಯಲಹಂಕದ ವಾಯುನೆಲೆ ಹತ್ತಿರವೇ ಇರುವುದರಿಂದ, 1996ರಲ್ಲಿ ಏರೋ ಇಂಡಿಯಾ ವಿಮಾನ ಪ್ರದರ್ಶನ ಶುರುವಾದಂದಿನಿಂದ ನಮ್ಮ ಆಕಾಶದಲ್ಲಿ ಪಂಚಮ ಹಾಡುವುದು ಯಾರು ಅನ್ನುವುದು ತೀರ್ಮಾನವಾಗಿಹೋಗಿದೆ. ಸುಖೋಯ್ ಹಾದುಹೋದರೆ ಕೋಗಿಲೆ ಬಾಯಿ ಮುಚ್ಚುತ್ತದೆ, ಅಡುಗೆಮನೆಯ ಡಬ್ಬಿಗಳು ಮಾತಾಡತೊಡಗುತ್ತವೆ.

ಇಂಥ ಊರಿನಲ್ಲಿ ನಾನು ಗಿಟಾರ್ ಕಲಿಯಲು ಹೊರಟಿದ್ದು ತಪ್ಪೇ ಇರಬಹುದು. ತಪ್ಪಿನ ಮೂಲ ಹಳೆಯದು. 2007ರ ಮಾರ್ಚ್ 17ರಂದು ಅರಮನೆ ಮೈದಾನಕ್ಕೆ ಐರನ್ ಮೇಡನ್ ಬ್ಯಾಂಡ್ ಬಂದಾಗ ನಾನು ಮೇಖ್ರಿ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಬಸ್ಸಿನ ಕಂಬ ಹಿಡಿದು ನಿಂತಿದ್ದೆ. ಟಿಕೆಟ್ ಇದ್ದದ್ದು ಯಲಹಂಕಕ್ಕೆ ಮಾತ್ರ. ಆ ಸಂಜೆಯ ಹೊಟ್ಟೆಕಿಚ್ಚು ಹದಿನೈದು ವರ್ಷ ಬೆಂದು, ಕೊನೆಗೆ ಒಂದು ಗಿಟಾರೂ ಒಂದು ಹಳೆಯ ವಾಲ್ವ್ ಆಂಪ್ಲಿಫೈಯರೂ ಆಗಿ ಮನೆಗೆ ಬಂತು. ಎತ್ತಿದವರ ಸೊಂಟ ಕೇಳುವಷ್ಟು ಭಾರದ ಪೆಟ್ಟಿಗೆ. ಹಿಂಬದಿಯಲ್ಲಿ ಗಾಜಿನ ಬುರುಡೆಗಳು, ಆನ್ ಮಾಡಿದರೆ ದೇವರಮನೆಯ ದೀಪದಷ್ಟು ಕೆಂಪು. ‘ಇಷ್ಟು ದುಡ್ಡಿಗೆ ಫ್ರಿಜ್ ಬರ್ತಿತ್ತು’ ಎಂದಳು ಹೆಂಡತಿ. ‘ಅದಾದರೆ ತಣ್ಣಗಾದರೂ ಇರ್ತಿತ್ತು.’

ರೋಗ ಹೀಗಿತ್ತು. ಮೊದಲ ಇಪ್ಪತ್ತು ನಿಮಿಷ ಬಂಗಾರ. ಆಮೇಲೆ ಎಲ್ಲೋ ‘ಪಟ್’. ಸದ್ದು ಅರ್ಧಕ್ಕಿಳಿದು, ಗಂಟಲು ಕಟ್ಟಿದ ಭಾಗವತರ ಹಾಗೆ ಗೊರಗೊರ. ಎದ್ದು ಹತ್ತಿರ ಹೋದರೆ ಮತ್ತೆ ‘ಪಟ್’, ಎಲ್ಲ ಸರಿ. ರಿಪೇರಿಯವರ ಬಳಿ ಒಯ್ದೆ. ಅಲ್ಲಿ ಎರಡು ಗಂಟೆ ಒಂದು ಅಪಸ್ವರವಿಲ್ಲದೆ ಹಾಡಿತು. ಮನೆಯಲ್ಲಿ ದಿನಾ ಒದೆಯುವ ಹಸು ಸಂತೆಯಲ್ಲಿ ಎಷ್ಟು ಸಾಧು! ‘ಏನೋ ಲೂಸ್ ಇರಬೇಕು’ ಎಂದು ಅವರು ನನ್ನ ಮುಖ ನೋಡಿದರು. ಬೆಂಗಳೂರಿನಲ್ಲಿ ತಂತಿಗೂ ಮನುಷ್ಯನಿಗೂ ಆ ರೋಗಕ್ಕೆ ಒಂದೇ ಹೆಸರು. ಅವರು ಹೇಳಿದ್ದು ಯಾರ ಬಗ್ಗೆ ಅನ್ನುವುದು ನನಗೆ ಇನ್ನೂ ಖಾತ್ರಿಯಿಲ್ಲ.

ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ಹಿರಿಯರಿದ್ದಾರೆ. ಜಾಲಹಳ್ಳಿಯ ಬಿಇಎಲ್‌ನಲ್ಲಿ ವಾಲ್ವ್ ತಯಾರಿಸುವ ಕಡೆ ಇದ್ದು ರಿಟೈರಾದವರು. ಬಿಇಎಲ್ ಎಂದರೆ ಈಗಿನ ಹುಡುಗರಿಗೆ ರಡಾರು, ಮತಯಂತ್ರ. ಆದರೆ 1961ರಿಂದ ಅಲ್ಲಿ ರೇಡಿಯೊ ವಾಲ್ವುಗಳು ತಯಾರಾಗುತ್ತಿದ್ದವು. ನಮ್ಮಪ್ಪ ವಾರ್ತೆ ಕೇಳುತ್ತಿದ್ದ ಪೆಟ್ಟಿಗೆಯೊಳಗೆ ಉರಿಯುತ್ತಿದ್ದದ್ದು ಜಾಲಹಳ್ಳಿಯ ದೀಪವೇ ಇದ್ದೀತು. ಈಗ ಅದೇ ಹಳೆಯ ಬಿಇಎಲ್ ವಾಲ್ವುಗಳನ್ನು ಹೊರದೇಶದ ಗಿಟಾರಿನವರು ಹುಡುಕಿ ಕೊಳ್ಳುತ್ತಾರಂತೆ. ಇದನ್ನು ಹೇಳಿದಾಗ ಹಿರಿಯರು ‘ಹೌದಾ?’ ಅಂದಷ್ಟೇ ಅಂದು, ಕಾಫಿ ಲೋಟವನ್ನು ಮಾತ್ರ ಸ್ವಲ್ಪ ಗತ್ತಿನಿಂದ ಕೆಳಗಿಟ್ಟರು.

ರೋಗದ ಕತೆ ಪೂರ್ತಿ ಕೇಳಿ ಅವರು ಒಂದು ಮಾತು ಹೇಳಿದರು. ‘ಕೆಟ್ಟಿದ್ದನ್ನ ರಿಪೇರಿ ಮಾಡಬಹುದು. ಕೆಟ್ಟು ಸರಿಹೋಗಿದ್ದನ್ನ ಮಾಡೋಕಾಗಲ್ಲ. ಮೊದಲು ಕೆಡಿಸಬೇಕು.’

ಅಲ್ಲಿಂದ ನಮ್ಮ ಮನೆಯಲ್ಲಿ ವಿಚಿತ್ರ ಭಕ್ತಿ ಶುರುವಾಯಿತು. ಸಂಜೆ ಆರಕ್ಕೆ ಪೆಟ್ಟಿಗೆ ಆನ್ ಮಾಡಿ, ಎದುರು ಕುರ್ಚಿ ಹಾಕಿಕೊಂಡು, ಕೆಡಲಪ್ಪ ಕೆಡಲಿ ಎಂದು ಕಾಯುವುದು. ಸರಿಯಾಗಿ ನುಡಿದ ದಿನ ನನಗೂ ಹಿರಿಯರಿಗೂ ಊಟ ಸೇರುತ್ತಿರಲಿಲ್ಲ. ಫೆಬ್ರವರಿ ಬಂತು, ಏರೋ ಇಂಡಿಯಾದ ತಾಲೀಮು ಬಂತು. ಒಂದು ಮಧ್ಯಾಹ್ನ ವಿಮಾನವೊಂದು ಸೂರು ನಡುಗಿಸಿಕೊಂಡು ಹೋದದ್ದೇ ತಡ, ‘ಪಟ್’. ಹಿರಿಯರು ಎದ್ದು ನಿಂತರು. ‘ಸಿಕ್ಕಿಬಿದ್ದ!’ ಬಿಸಿಗೂ ಅದುರಿಗೂ ಬಗ್ಗುವುದಾದರೆ ಅದು ವಿದ್ಯುತ್ತಿನ ಗುಟ್ಟಲ್ಲ, ಎಲ್ಲೋ ಕೀಲು ಸಡಿಲ ಎಂಬುದು ಅವರ ತರ್ಕ. ಅಷ್ಟು ದೊಡ್ಡ ಯುದ್ಧವಿಮಾನದಿಂದ ಇಷ್ಟು ಸಣ್ಣ ಕೆಲಸ ಮಾಡಿಸಿದವರು ಬೇರೆ ಯಾರೂ ಇರಲಾರರು.

ಪೆಟ್ಟಿಗೆ ಬಿಚ್ಚುವ ಮೊದಲು ನನಗೆ ಪಾಠವಾಯಿತು. ಒಳಗೆ ಮುನ್ನೂರು ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತರೂ ಕೆಪಾಸಿಟರುಗಳಲ್ಲಿ ಅದು ಬಾಡಿಗೆ ಕೊಡದವನ ಹಾಗೆ ಕೂತಿರುತ್ತದೆ. ರೆಸಿಸ್ಟರಿನ ಮೂಲಕ ಅದನ್ನು ಇಳಿಸಿ, ಮೀಟರಿನಲ್ಲಿ ನೋಡಿ, ಆಮೇಲೆ ಕೈ. ಆನ್ ಇದ್ದಾಗ ತಡಕುವುದಾದರೆ ಒಂದೇ ಕೈ, ಇನ್ನೊಂದು ಜೇಬಿನಲ್ಲಿ. ಎರಡೂ ಕೈ ತಾಗಿದರೆ ಕರೆಂಟಿನ ದಾರಿ ಎದೆಯ ಮೇಲೆ. ಹಿರಿಯರದು ಪಂಚೆ, ಜೇಬಿಲ್ಲ. ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಇನ್‌ಸ್ಪೆಕ್ಷನ್ನಿಗೆ ಬಂದ ಡಿಡಿಪಿಐ ಹಾಗೆ ಬಗ್ಗಿದರು. ನಾನು ಪೆನ್ಸಿಲ್ ಕೊಡಹೋದೆ. ‘ಬೇಡ, ಸೀಸದಕಡ್ಡಿ ಅಂತೀವೇ ಹೊರತು ಅದು ಗ್ರಾಫೈಟು. ಕರೆಂಟ್ ಹರಿಯುತ್ತೆ.’ ಬೇಕಾದದ್ದು ಚೆನ್ನಾಗಿ ಒಣಗಿದ ಪೊರಕೆಕಡ್ಡಿ. ಹೆಂಡತಿಯ ಹೊಸ ಪೊರಕೆಗೆ ಅಂದು ಒಂದು ಕಡ್ಡಿ ಕಡಿಮೆಯಾಯಿತು. ಆಮೇಲೂ ಆಯಿತು.

ನನ್ನ ಆಂಪಿನಲ್ಲಿ ಕೊನೆಯ ಹಂತಕ್ಕೆ ಎರಡು ಇಎಲ್84 ವಾಲ್ವುಗಳು. ಒಂದು ಒರಳಿಗೆ ಇಬ್ಬರು ಹೆಂಗಸರು ಸರದಿಯ ಮೇಲೆ ಒನಕೆ ಹಾಕಿದ ಹಾಗೆ ಅವುಗಳ ಕೆಲಸ. ಒಬ್ಬಳು ಕೈಬಿಟ್ಟರೂ ಭತ್ತ ಕುಟ್ಟುವುದು ನಿಲ್ಲದು, ಲಯ ಮಾತ್ರ ಕುಂಟುತ್ತದೆ. ಆ ಗೊರಗೊರ ಅದೇ. ಕಡ್ಡಿಯಿಂದ ಎಡಗಡೆಯದನ್ನು ಮುಟ್ಟಿದರೆ ‘ಪಟಪಟ’. ಹಾಗಾದರೆ ವಾಲ್ವ್ ಹೋಗಿದೆ, ಹೊಸದು ತರಲು ಎಸ್‌ಪಿ ರೋಡಿಗೆ ಹೊರಡುತ್ತೇನೆ ಎಂದೆ. ಅವರು ಕೂರಿಸಿದರು. ಆಫ್ ಮಾಡಿ, ಆರಲು ಬಿಟ್ಟು, ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದರು. ಮತ್ತೆ ಕಾಯಿಸಿ ಮುಟ್ಟಿದರೆ ಎಡಗಡೆಯೇ ಪಟಪಟ. ಬಾಡಿಗೆದಾರ ಬದಲಾದರೂ ಜಗಳ ಅದೇ ಮನೆಯಲ್ಲಿ! ತಪ್ಪು ವಾಲ್ವಿನದಲ್ಲ, ಅದು ಕೂತ ಸಾಕೆಟ್ಟಿನದು.

ಬೋರ್ಡನ್ನು ಮಗುಚಿ, ಅಂಚೆಚೀಟಿ ನೋಡುವ ಭೂತಗನ್ನಡಿ ಹಿಡಿದೆವು. ಒಂಬತ್ತು ಪಿನ್ನು, ಒಂಬತ್ತು ಬೆಳ್ಳಿಯ ಗುಳ್ಳೆ. ಮೂರನೆಯದರ ಸುತ್ತ ಕೂದಲೆಳೆಯ ಕಪ್ಪು ಉಂಗುರ, ಬೆಂದ ಇಡ್ಲಿಯ ಅಂಚು ತಟ್ಟೆ ಬಿಟ್ಟುಕೊಂಡ ಹಾಗೆ. ವಾಲ್ವಿಗೆ ಜೀವ ಬರುವುದೇ ಬಿಸಿಯಿಂದ. ದಿನಾ ಕಾದು, ದಿನಾ ಆರಿ, ಆ ಬಿಸಿಯೇ ಬೆಸುಗೆಯನ್ನು ಹಿಗ್ಗಿಸಿ ಕುಗ್ಗಿಸಿ ಬಿರಿಸಿತ್ತು. ಹಿರಿಯರು ಹಳೆಯ ಬೆಸುಗೆಯನ್ನು ಹೀರಿ ತೆಗೆದು ಹೊಸದನ್ನು ಹಾಕಿದರು. ಕಬ್ಬಿಣ ತಾಗಿದ್ದು ಮೂರು ಸೆಕೆಂಡ್. ರಾಳದ ಹೊಗೆಯ ವಾಸನೆಗೆ ಅವರು ಕಣ್ಣು ಮುಚ್ಚಿಕೊಂಡದ್ದನ್ನು ನಾನು ನೋಡಿದೆ, ನೋಡಲಿಲ್ಲವೆಂಬಂತೆ ಸ್ಕ್ರೂ ಎಣಿಸಿದೆ.

ಈಗ ಪೆಟ್ಟಿಗೆ ಕೆಡುವುದಿಲ್ಲ. ಅಪಸ್ವರ ಬಂದರೆ ಅದು ಪೂರ್ತಿ ನನ್ನದೇ. ಹಿರಿಯರು ಒಂದು ವಾರ ಆರು ಗಂಟೆಗೆ ಬಂದು ‘ಇವತ್ತು?’ ಅಂದರು. ಇಲ್ಲ ಸಾರ್, ಚೆನ್ನಾಗಿದೆ ಅಂದೆ. ‘ಒಳ್ಳೇದು’ ಎಂದು ಅಂಗಳದಿಂದಲೇ ತಿರುಗಿದರು. ಆಮೇಲೆ ನಾಲ್ಕು ದಿನ ಪತ್ತೆಯಿಲ್ಲ. ನಿನ್ನೆ ಬಂದವರು ಕುರ್ಚಿ ಎಳೆದುಕೊಂಡು ಕೂತು, ಕಾಫಿ ಬರುವ ತನಕ ನಮ್ಮ ಗೋಡೆ ಗಡಿಯಾರವನ್ನೇ ದಿಟ್ಟಿಸಿದರು.

‘ಅದು ಆಗಾಗ ನಿಲ್ಲೋದುಂಟಾ?’

‘ಉಂಟು ಸಾರ್’ ಎಂದೆ. ಒಳಗಿನಿಂದ ಹೆಂಡತಿ ಪೊರಕೆಯನ್ನು ಬಾಗಿಲ ಹಿಂದಕ್ಕೆ ಸರಿಸಿದ ಸದ್ದು ಕೇಳಿಸಿತು.